ಗೊದಮೊಟ್ಟೆ ಮನುಷ್ಯನ ಚರಿತ್ರೆ

ನೀವು ಬರೆದ ಮೊಟ್ಟಮೊದಲ ಚಿತ್ರ ಈಗ ಎಲ್ಲಿದೆ? ಚರಿತ್ರೆಯ ಪುಸ್ತಕದಲ್ಲಿ ಕದಂಬರ ಮೊದಲ ಶಾಸನ, ಕನ್ನಡದ ಮೊದಲ ಗ್ರಂಥ ಎಂದು ನೀವು ಬಾಯಿಪಾಠ ಮಾಡಿರುತ್ತೀರಿ. ನಿಮ್ಮದೇ ಕೈಯ ಮೊದಲ ಗೆರೆ ಯಾವ ವರ್ಷ, ಯಾವ ಗೋಡೆಯ ಮೇಲೆ ಮೂಡಿತೆಂದು ಕೇಳಿದರೆ ಮಾತ್ರ ಉತ್ತರವಿರುವುದಿಲ್ಲ. ಅದನ್ನು ನೋಡಿದವರು ನಿಮ್ಮ ತಾಯಿತಂದೆ, ಅಜ್ಜಿತಾತ. ಅವರು ನಕ್ಕಿರುತ್ತಾರೆ, ಪಕ್ಕದ ಮನೆಯವರನ್ನು ಕರೆದು ತೋರಿಸಿರುತ್ತಾರೆ, ಆಮೇಲೆ ಒದ್ದೆ ಬಟ್ಟೆ ತಂದು ಒರೆಸಿರುತ್ತಾರೆ.

ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲು ಸಾಧ್ಯವಾಗದ ಒಂದು ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ಮೂರು ವರ್ಷದ ಮಗು ಗೀಚುವುದನ್ನು ನೋಡಿ ಹೆತ್ತವರು ಸಂತೋಷಪಡುವುದು ಬಹುಶಃ ಮನುಷ್ಯಕುಲದಷ್ಟೇ ಹಳೆಯದು. ಆ ಗೀಚನ್ನು ಜೋಪಾನವಾಗಿ ಎತ್ತಿಟ್ಟು, ಅದರಲ್ಲಿ ಏನಿದೆಯೆಂದು ನೋಡುವ ಅಭ್ಯಾಸಕ್ಕೆ ಇನ್ನೂರು ವರ್ಷವೂ ಆಗಿಲ್ಲ.

ನಮ್ಮಲ್ಲಿ ಆ ಗೀಚು ಉಳಿಯದಿರುವುದಕ್ಕೆ ಒಂದು ಸರಳ ಕಾರಣವಿದೆ. ಕನ್ನಡದ ಮಗು ಬರೆದದ್ದೆಲ್ಲ ಅಳಿಸುವ ಸಾಮಗ್ರಿಯ ಮೇಲೆ. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ದೊಡ್ಡವರ ಬಳಿ ಕಡತವಿತ್ತು. ಈಗ ಕಚೇರಿಗಳಲ್ಲಿ ‘ಕಡತ ವಿಲೇವಾರಿ’ ಎನ್ನುತ್ತಾರಲ್ಲ, ಅದೇ ಪದ. ಮೂಲದಲ್ಲಿ ಕಡತವೆಂದರೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು ಕಪ್ಪು ಮಾಡಿದ, ಮಡಿಸಿಡುವ ಬಟ್ಟೆ. ಅದರ ಮೇಲೆ ಬಳಪದಿಂದ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಅನಂತರ ಬಂದದ್ದು ಮರದ ಚೌಕಟ್ಟಿನ ಸ್ಲೇಟು. 1980ರ ದಶಕದಲ್ಲಿ ವಿಜಯನಗರದ ಶಾಲೆಗೆ ಹೋಗುತ್ತಿದ್ದ ನಾವೂ ಸ್ಲೇಟಿನ ಮಕ್ಕಳೇ. ಬಳಪವೆಂದರೆ ಮೆದುವಾದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕಡೆದ ಬಳಪದ ಕಲ್ಲೂ ಅದೇ ಬಳಗದ್ದು. ಶಿಲ್ಪಿಯ ಕೈಯಲ್ಲಿ ಅದು ಒಂಬೈನೂರು ವರ್ಷ ಉಳಿಯಿತು. ಮಗುವಿನ ಕೈಯಲ್ಲಿ ಸ್ಕೂಲ್ ಬೆಲ್ ಹೊಡೆಯುವವರೆಗೆ ಉಳಿದರೆ ಹೆಚ್ಚು.

ಹೀಗೆ ಅಳಿಯದೆ ಉಳಿದ ಮಕ್ಕಳ ಗುರುತುಗಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ಫ್ರಾನ್ಸಿನ ರೂಫಿನ್ಯಾಕ್ ಗುಹೆಯ ಮೆತ್ತನೆಯ ಗೋಡೆಯಲ್ಲಿ ಸುಮಾರು 13,000 ವರ್ಷಗಳ ಹಿಂದೆ ಬೆರಳೆಳೆದ ಗೆರೆಗಳಿವೆ. ಬೆರಳುಗಳ ಅಗಲವನ್ನು ಅಳೆದು, ಅವುಗಳಲ್ಲಿ ಕೆಲವು ಪುಟ್ಟ ಮಕ್ಕಳವೆಂದು ಸಂಶೋಧಕರು ಗುರುತಿಸಿದ್ದಾರೆ. ಕೆಲವು ಗೆರೆಗಳು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿವೆ. ಯಾರೋ ದೊಡ್ಡವರು ಆ ಮಗುವನ್ನು ಎತ್ತಿ ಹಿಡಿದಿರಬೇಕು. ರಷ್ಯಾದ ನವ್‌ಗೊರೋದ್ ನಗರದಲ್ಲಿ 1956ರಲ್ಲಿ ಅಗೆದಾಗ, ಹದಿಮೂರನೆಯ ಶತಮಾನದ ಆನ್‌ಫಿಮ್ ಎಂಬ ಹುಡುಗನ ಅಕ್ಷರಾಭ್ಯಾಸದ ಬರ್ಚ್ ಮರದ ತೊಗಟೆಗಳು ಸಿಕ್ಕಿದವು. ವಯಸ್ಸು ಆರೋ ಏಳೋ ಇದ್ದಿರಬೇಕು. ವರ್ಣಮಾಲೆ ತಿದ್ದುತ್ತ ತಿದ್ದುತ್ತ ಬೇಸರವಾಗಿ, ಕುದುರೆಯೇರಿ ಶತ್ರುವನ್ನು ಈಟಿಯಿಂದ ತಿವಿಯುವ ವೀರನನ್ನು ಬರೆದು, ಪಕ್ಕದಲ್ಲಿ ತನ್ನ ಹೆಸರನ್ನೇ ಬರೆದುಕೊಂಡಿದ್ದಾನೆ. ಅವನ ಮನುಷ್ಯರ ಕೈಗಳು ಕುಂಟೆಯ ಹಲ್ಲಿನಂತಿವೆ. ಒಂದು ಕೈಗೆ ಮೂರು ಬೆರಳು, ಇನ್ನೊಂದಕ್ಕೆ ನಾಲ್ಕೋ ಐದೋ. ಏಳುನೂರೈವತ್ತು ವರ್ಷಗಳ ಹಿಂದಿನ ಆ ಚಿತ್ರವನ್ನು ಇಂದು ಬಸವೇಶ್ವರನಗರದ ಯಾವ ಶಿಶುವಿಹಾರದ ಗೋಡೆಗೆ ಅಂಟಿಸಿದರೂ ಯಾರಿಗೂ ಅನುಮಾನ ಬರುವುದಿಲ್ಲ.

ಆದರೆ ಆನ್‌ಫಿಮ್‌ನ ಚಿತ್ರವನ್ನು ಯಾರೂ ಕಾಪಾಡಲಿಲ್ಲ, ಕೆಸರು ಕಾಪಾಡಿತು. ಬೇಕೆಂದೇ ಕೂಡಿಟ್ಟವರಲ್ಲಿ ಮೊದಲಿಗರೆನ್ನಬಹುದಾದವರು ಇಟಲಿಯ ಕೊರ‍್ರಾದೊ ರಿಚ್ಚಿ. ಬೊಲೋನ್ಯ ನಗರದಲ್ಲಿ ಮಳೆ ಬಂದು ಒಂದು ಕಮಾನಿನ ಮೊಗಸಾಲೆಯಲ್ಲಿ ನಿಂತಾಗ, ಗೋಡೆಯ ತುಂಬ ಮಕ್ಕಳು ಗೀಚಿದ್ದು ಅವರ ಕಣ್ಣಿಗೆ ಬಿತ್ತು. ಎತ್ತರದಲ್ಲಿದ್ದವು ದೊಡ್ಡ ಹುಡುಗರ ಚಿತ್ರಗಳು, ಕೆಳಗಿನವು ಚಿಕ್ಕವರವು. ರಿಚ್ಚಿ ಕಲೆಯ ಇತಿಹಾಸಕಾರರು. ಗೋಡೆ ನೋಡುವುದೇ ಅವರ ಕಸುಬು. ಆದರೂ ಅಲ್ಲಿಯವರೆಗೆ ಯಾರೂ ಮಂಡಿಯ ಎತ್ತರದ ಗೋಡೆಯನ್ನು ನೋಡಿರಲಿಲ್ಲ! ಅವರು ಶಾಲೆಗಳಿಂದ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತರಿಸಿ 1887ರಲ್ಲಿ ಮಕ್ಕಳ ಕಲೆಯ ಬಗ್ಗೆ ಪುಸ್ತಕ ಪ್ರಕಟಿಸಿದರು.

ಅದಕ್ಕೂ ಮುಂಚೆ ಒಬ್ಬ ತಂದೆ ತನ್ನ ಮಗುವನ್ನು ವಿಜ್ಞಾನಿಯ ಕಣ್ಣಿನಿಂದ ನೋಡಿ ಟಿಪ್ಪಣಿ ಮಾಡಿದ್ದರು. ಅವರು ಚಾರ್ಲ್ಸ್ ಡಾರ್ವಿನ್. 1839ರ ಕೊನೆಯಲ್ಲಿ ಹುಟ್ಟಿದ ಹಿರಿಯ ಮಗ ಯಾವಾಗ ಕಣ್ಣು ನಿಲ್ಲಿಸಿ ನೋಡಿದ, ಯಾವಾಗ ಸಿಟ್ಟಾದ, ಯಾವಾಗ ಕನ್ನಡಿಯಲ್ಲಿ ತನ್ನನ್ನು ಕಂಡ ಎಂದೆಲ್ಲ ಬರೆದಿಟ್ಟು, 1877ರಲ್ಲಿ ಪ್ರಕಟಿಸಿದರು. ನನಗೆ ಅದಕ್ಕಿಂತ ಸ್ವಾರಸ್ಯವೆನಿಸುವುದು ಇನ್ನೊಂದು ಸಂಗತಿ. 1859ರಲ್ಲಿ ‘ಜೀವಿಗಳ ಉಗಮ’ ಅಚ್ಚಾದ ಮೇಲೆ, ಅದರ ಹಸ್ತಪ್ರತಿಯನ್ನು ಡಾರ್ವಿನ್ ಅಮೂಲ್ಯವೆಂದು ಭಾವಿಸಲಿಲ್ಲ. ಹಾಳೆಗಳ ಹಿಂಬದಿ ಖಾಲಿಯಿತ್ತು, ಮನೆಯಲ್ಲಿ ಮಕ್ಕಳಿದ್ದರು. ಅವರು ಅದರ ಮೇಲೆ ತರಕಾರಿ ಹಣ್ಣುಗಳ ಸೈನಿಕರು ಯುದ್ಧ ಮಾಡುವ ಚಿತ್ರ ಬರೆದರು, ಹೂವು ಚಿಟ್ಟೆ ಬರೆದರು. ಇಂದು ಆ ಮಹಾಗ್ರಂಥದ ಹಸ್ತಪ್ರತಿಯಲ್ಲಿ ಉಳಿದಿರುವುದು ಕೆಲವೇ ಹಾಳೆಗಳು. ಅವುಗಳಲ್ಲಿ ಹಲವು ಉಳಿದದ್ದು ಬೆನ್ನಿನ ಮೇಲೆ ಮಕ್ಕಳ ಚಿತ್ರವಿದ್ದುದರಿಂದ. ಡಾರ್ವಿನ್ ದಂಪತಿಗಳಿಗೆ ಎತ್ತಿಡಬೇಕೆನಿಸಿದ್ದು ಆ ಬದಿಯನ್ನು!

ಈಗ ನಮ್ಮ ವಿಷಯದ ನಿಜವಾದ ನಾಯಕರ ಬಳಿಗೆ ಬರೋಣ. ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯುಕೆ ತತ್ತ್ವಶಾಸ್ತ್ರದ ವಿದ್ವಾಂಸರು. ಅವರ ಮಗಳು ಸಿಮೋನ್ ಪೆನ್ಸಿಲ್ ಹಿಡಿದ ಕಾಲದಿಂದ ಅವರು ಪಕ್ಕದಲ್ಲಿ ಕುಳಿತು ನೋಡಿದರು. ಪ್ರತಿ ಚಿತ್ರಕ್ಕೂ ದಿನಾಂಕ ಹಾಕಿದರು. ಮುಖ್ಯವಾಗಿ, ಬರೆಯುವಾಗ ಮಗು ಏನೆಂದಿತು, ಯಾವ ಗೆರೆ ಮೊದಲು ಬಂತು, ಯಾವುದು ಆಮೇಲೆ ಎಂಬುದನ್ನು ಗುರುತಿಸಿಕೊಂಡರು. ಹೀಗೆ ಸಾವಿರಕ್ಕೂ ಮೇಲ್ಪಟ್ಟು ಚಿತ್ರಗಳನ್ನು ಕೂಡಿಸಿ 1913ರಲ್ಲಿ ಒಂದೇ ಮಗುವಿನ ಬಗ್ಗೆ ಇಡೀ ಗ್ರಂಥ ಬರೆದರು. 1927ರಲ್ಲಿ ಮತ್ತೊಂದು ಗ್ರಂಥ ಬಂತು. ಮುಂದೆ ಪಿಯಾಜೆಯಂಥ ಮನೋವಿಜ್ಞಾನಿ ಆಧರಿಸಿದ್ದು ಈ ತಂದೆಯ ಟಿಪ್ಪಣಿಗಳನ್ನೇ.

ಲ್ಯುಕೆ ಕಂಡದ್ದೇನು? ಮೊದಲು ಮಗು ಗೀಚುವುದು ಏನನ್ನೋ ತೋರಿಸಲಿಕ್ಕಲ್ಲ. ಕೈ ಆಡಿಸಿದರೆ ಗುರುತು ಉಳಿಯುತ್ತದೆ, ಅದೇ ಅದರ ಆನಂದ. ಗೀಚಿದ ಮೇಲೆ ಅಕಸ್ಮಾತ್ತಾಗಿ ಅದು ಯಾವುದೋ ವಸ್ತುವಿನಂತೆ ಕಾಣುತ್ತದೆ, ಆಗ ಹೆಸರಿಡುತ್ತದೆ. ಸ್ಟುಡಿಯೋದಲ್ಲಿ ಇದನ್ನು ನಾವು ಚೆನ್ನಾಗಿ ಬಲ್ಲೆವು. ಮಕ್ಕಳ ಕಾರ್ಯಕ್ರಮವೊಂದರ ಚಿತ್ರೀಕರಣದಲ್ಲಿ ನಿರೂಪಕಿ ಎರಡೂವರೆ ವರ್ಷದ ಹುಡುಗನನ್ನು “ಇದೇನು ಪುಟ್ಟಾ?” ಎಂದು ಕೇಳಿದರು. “ಹಾವು” ಎಂದ. ಮೈಕಿನ ತೊಂದರೆಯಿಂದ ಮತ್ತೊಂದು ಟೇಕ್ ಬೇಕಾಯಿತು. “ರೈಲು” ಎಂದ. ಮೂರನೆಯ ಟೇಕಿಗೆ ಅದು ಅವನ ಅಜ್ಜಿಯಾಗಿತ್ತು. ಹುಡುಗ ಸುಳ್ಳು ಹೇಳುತ್ತಿರಲಿಲ್ಲ, ಪ್ರತಿ ಸಲವೂ ಹೊಸದಾಗಿ ನೋಡುತ್ತಿದ್ದ.

ಕೈಯ ಕಥೆಯೂ ಇದೆ. ಒಂದೂವರೆ ವರ್ಷದ ಮಗು ಭುಜದಿಂದ ಬರೆಯುತ್ತದೆ, ಆದ್ದರಿಂದ ಗೆರೆ ದೊಡ್ಡ ಕಮಾನಿನಂತಿರುತ್ತದೆ. ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು ಹಿಡಿತಕ್ಕೆ ಬರುತ್ತವೆ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆಯಷ್ಟೆ. ಆಗತಾನೇ ಹುಟ್ಟಿದ ಮಗುವಿನ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣದು, ಎಲ್ಲ ಮೃದ್ವಸ್ಥಿ. ಮೊದಲ ಎರಡು ಕೆಲವು ತಿಂಗಳಿಗೆ ಮೂಡುತ್ತವೆ, ಎಂಟನೆಯದು ಕಾಣಿಸುವ ವೇಳೆಗೆ ಮಗು ಮಿಡ್ಲ್ ಸ್ಕೂಲಿನಲ್ಲಿರುತ್ತದೆ. ಎಲುಬೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ, ನರ ಮತ್ತು ಸ್ನಾಯುಗಳ ಪಳಗುವಿಕೆ ಅದಕ್ಕಿಂತ ದೊಡ್ಡದು. ವೃತ್ತವನ್ನು ನೋಡಿ ಬರೆಯಲು ಸುಮಾರು ಮೂರು ವರ್ಷವಾಗಬೇಕು, ಚೌಕಕ್ಕೆ ನಾಲ್ಕೂವರೆ, ತ್ರಿಕೋನಕ್ಕೆ ಐದು, ಡೈಮಂಡ್ ಆಕೃತಿಗೆ ಏಳು. ಮಕ್ಕಳ ಡಾಕ್ಟರು ಕಾಗದ ಕೊಟ್ಟು ಗೆರೆ ಎಳೆಸುವುದು ಇದಕ್ಕೇ. ನಾಲ್ಕು ಗೆರೆಯ ಚೌಕಕ್ಕೂ ನಾಲ್ಕೇ ಗೆರೆಯ ಡೈಮಂಡಿಗೂ ನಡುವೆ ಎರಡು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಓರೆ ಗೆರೆ ಅಷ್ಟು ಕಷ್ಟ.

ವೃತ್ತವೊಂದು ಮುಚ್ಚಿಕೊಂಡಿತೆಂದರೆ ದೊಡ್ಡ ಘಟನೆ. ಅದರೊಳಗೆ ಎರಡು ಚುಕ್ಕೆ ಬೀಳುತ್ತವೆ, ಕೆಳಗೆ ಎರಡು ಉದ್ದ ಗೆರೆ ಇಳಿಯುತ್ತವೆ. ಅಮ್ಮ! ಹೊಟ್ಟೆಯಿಲ್ಲ, ಕುತ್ತಿಗೆಯಿಲ್ಲ, ತಲೆಯಿಂದಲೇ ಕಾಲು. ಮನೋವಿಜ್ಞಾನಿಗಳು ಇದಕ್ಕೆ ಗೊದಮೊಟ್ಟೆ ಮನುಷ್ಯನೆಂದೇ ಹೆಸರಿಟ್ಟಿದ್ದಾರೆ. ಕಪ್ಪೆಯ ಮರಿ, ನೀವು ಜೀವಶಾಸ್ತ್ರದಲ್ಲಿ ಓದಿದ್ದೇ. ಮೂರರಿಂದ ನಾಲ್ಕು ವರ್ಷದ ಮಕ್ಕಳು ದೇಶ ದೇಶಗಳಲ್ಲಿ ಇದನ್ನು ಬರೆಯುತ್ತಾರೆ. ಮಗುವಿಗೆ ಹೊಟ್ಟೆ ಗೊತ್ತಿಲ್ಲವೆ? ಹಸಿದಾಗ ಮೊದಲು ಗೊತ್ತಾಗುವುದೇ ಅದು! ಕ್ಲೇರ್ ಗೊಲಂಬ್ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿದಂತೆ, ಅದೇ ಮಗುವಿಗೆ ಬೇರೆ ಬಗೆಯಲ್ಲಿ ಕೇಳಿದರೆ ಹೊಟ್ಟೆ, ಕೈ ಎಲ್ಲವನ್ನೂ ಹೇಳುತ್ತದೆ. ಬ್ರಿಟನ್ನಿನ ನಾರ್ಮನ್ ಫ್ರೀಮನ್ ಅವರ ವಿವರಣೆ ಇನ್ನೊಂದು. ಉದ್ದದ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುವಾಗ ಮೊದಲಿನದು ಕೊನೆಯದು ನೆನಪಿದ್ದು ನಡುವಿನದು ಜಾರುತ್ತದಲ್ಲ, ಹಾಗೆ ತಲೆ ಕಾಲು ಉಳಿದು ಮಧ್ಯ ಜಾರಿಹೋಗುತ್ತದೆ. ನೀವೇ ಒಂದು ಪ್ರಯೋಗ ಮಾಡಬಹುದು. ಮನೆಯಲ್ಲಿ ಅಥವಾ ನೆರೆಯಲ್ಲಿ ಆ ವಯಸ್ಸಿನ ಮಗುವಿದ್ದರೆ, ಅದು ಬರೆದ ಗೊದಮೊಟ್ಟೆಗೆ ಹೊಕ್ಕುಳು ಇಡಲು ಹೇಳಿ. ಕೆಲವರು ವೃತ್ತದೊಳಗೆ ಮೂಗಿನ ಕೆಳಗೆ ಇಡುತ್ತಾರೆ, ಕೆಲವರು ಎರಡು ಕಾಲುಗಳ ನಡುವಿನ ಖಾಲಿ ಜಾಗದಲ್ಲಿ. ಎರಡನೆಯ ಗುಂಪಿನವರ ಮಟ್ಟಿಗೆ ಹೊಟ್ಟೆ ಅಲ್ಲಿಯೇ ಇದೆ, ಗೆರೆ ಮಾತ್ರ ಇಲ್ಲ. ನಗಬೇಡಿ, ನಕ್ಕರೆ ಮುಂದಿನ ಚಿತ್ರ ಸಿಗುವುದಿಲ್ಲ.

ಲ್ಯುಕೆ ಹೇಳಿದ ಇನ್ನೊಂದು ಮಾತು: ಐದಾರು ವರ್ಷದ ಮಗು ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ಗೊತ್ತಿದ್ದುದನ್ನು ಬರೆಯುತ್ತದೆ. ವಿಜಯನಗರದಲ್ಲಿ ಮೆಟ್ರೋ ಓಡಲಾರಂಭಿಸಿದ್ದು 2015ರ ನವೆಂಬರಿನಲ್ಲಿ. ಕೆಂಗೇರಿಯವರೆಗೆ ಮುಂದುವರಿದದ್ದು 2021ರ ಆಗಸ್ಟಿನಲ್ಲಿ. ನಮ್ಮ ಮನೆಯ ತಾರಸಿಯಿಂದ ನೋಡಿದರೆ ಕಾಣುವುದು ಕಂಬಗಳ ಮೇಲೆ ಸಾಗುವ ನೇರಳೆ ಪಟ್ಟೆಯ ಒಂದು ಪೆಟ್ಟಿಗೆ ಮಾತ್ರ. ಐದು ವರ್ಷದ ನನ್ನ ಮಗಳು ಬರೆದ ಮೆಟ್ರೋದಲ್ಲಿ ಚಕ್ರಗಳೆಲ್ಲ ಕಾಣುತ್ತವೆ, ಒಳಗೆ ಕುಳಿತವರ ಕಾಲುಗಳು ಕಾಣುತ್ತವೆ, ಒಬ್ಬರ ಬ್ಯಾಗಿನೊಳಗಿನ ಊಟದ ಡಬ್ಬಿಯೂ ಕಾಣುತ್ತದೆ. ಗೋಡೆಗಳೆಲ್ಲ ಗಾಜು! “ಡಬ್ಬಿ ಹೊರಗಿಂದ ಹೇಗೆ ಕಾಣ್ಸುತ್ತೆ ಪುಟ್ಟಿ?” ಎಂದೆ. “ಕಾಣ್ಸಲ್ಲ ಅಪ್ಪ, ಆದ್ರೆ ಇದೆಯಲ್ಲ” ಎಂದಳು. ಲ್ಯುಕೆ ಇದಕ್ಕೆ ಇಟ್ಟ ಹೆಸರು ಬೌದ್ಧಿಕ ವಾಸ್ತವ. ನನ್ನ ಮಗಳ ವಾಕ್ಯ ಅದಕ್ಕಿಂತ ಚಿಕ್ಕದು.

ವಿಜ್ಞಾನದ ವಿದ್ಯಾರ್ಥಿಯಾಗಿ ಒಂದು ಎಚ್ಚರಿಕೆ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮಗು ಬೆಳೆಯುತ್ತ ಮಾನವಕುಲದ ಇಡೀ ಇತಿಹಾಸವನ್ನು ಮರಳಿ ಆಡಿ ತೋರಿಸುತ್ತದೆ ಎಂಬ ವಾದ ಜೋರಾಗಿತ್ತು. ಜರ್ಮನಿಯ ಹೆಕೆಲ್ 1866ರಲ್ಲಿ ಭ್ರೂಣದ ಬಗ್ಗೆ ಹೇಳಿದ್ದನ್ನು ಮಕ್ಕಳ ಚಿತ್ರಕ್ಕೂ ಎಳೆದರು. ಆದಿಮಾನವ, ‘ಅನಾಗರಿಕ’ರೆಂದು ಅವರು ಕರೆದ ಜನ, ಯುರೋಪಿನ ಮೂರು ವರ್ಷದ ಮಗು ಎಲ್ಲರನ್ನೂ ಒಂದೇ ಮೆಟ್ಟಿಲ ಮೇಲೆ ನಿಲ್ಲಿಸಿದರು. ಇದು ಜೀವಶಾಸ್ತ್ರದಲ್ಲೂ ನಿಲ್ಲಲಿಲ್ಲ, ಕಲೆಯಲ್ಲೂ ನಿಲ್ಲಲಿಲ್ಲ. ನಮ್ಮ ಬಳ್ಳಾರಿಯ ಸಂಗನಕಲ್ಲು ಬೆಟ್ಟದ ಬಂಡೆಗಳಲ್ಲಿ ಗೂಳಿ ಕುಟ್ಟಿದವರು ಪಳಗಿದ ಕೈಯ ದೊಡ್ಡವರು. ಆ ಗೂಳಿಯ ಡುಬ್ಬ, ಕೊಂಬಿನ ಬಾಗು ನೋಡಿದವರು ಅದನ್ನು ಮಗುವಿನ ಕೆಲಸವೆನ್ನುವುದಿಲ್ಲ.

ಅಳೆಯುವ ಹಟವೂ ಬಂತು. 1926ರಲ್ಲಿ ಅಮೆರಿಕದ ಫ್ಲಾರೆನ್ಸ್ ಗುಡೆನಫ್ ‘ಒಬ್ಬ ಮನುಷ್ಯನನ್ನು ಬರಿ’ ಎಂದು ಹೇಳಿ, ಕಣ್ಣಿಗೊಂದು ಕಿವಿಗೊಂದು ಅಂಕ ಕೊಟ್ಟು ಬುದ್ಧಿಮತ್ತೆ ಲೆಕ್ಕ ಹಾಕುವ ಪರೀಕ್ಷೆ ರೂಪಿಸಿದರು. ಮುಂದೆ ಭಾರತದ ಮಕ್ಕಳಿಗಾಗಿ ಪ್ರಮೀಳಾ ಫಾಟಕ್ ಅದನ್ನು ಅಳವಡಿಸಿದರು. ಮಕ್ಕಳ ಬೆಳವಣಿಗೆಯ ಸ್ಥೂಲ ಅಂದಾಜಿಗೆ ಇದು ಸರಿ. ಒಂದು ಕಾಗದ ನೋಡಿ ಒಂದು ಮಗುವಿನ ಹಣೆಬರಹ ಹೇಳುವುದಕ್ಕೆ ಸಾಲದು ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಬಾನುಲಿ ನಿಲಯ ಆರಂಭಿಸಿದರು. ಮನಸ್ಸನ್ನು ಓದುವವರಿಗೂ ನಮ್ಮಂಥ ಪ್ರಸಾರದವರಿಗೂ ಹಳೆಯ ನೆಂಟಸ್ತಿಕೆ!

ಅದೇ ಮೈಸೂರಿನಲ್ಲಿ, 1921ರಲ್ಲಿ, ಒಬ್ಬ ಮುಖ್ಯೋಪಾಧ್ಯಾಯರ ಮನೆಯಲ್ಲಿ ಹುಟ್ಟಿದ ಕಿರಿಯ ಮಗ ಓದಲು ಬರುವ ಮೊದಲೇ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳನ್ನು ದಿಟ್ಟಿಸಿ ನೋಡುತ್ತಿದ್ದ. ಆಮೇಲೆ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡಲಿಲ್ಲ. ಶಾಲೆಯಲ್ಲಿ ಅರಳಿ ಎಲೆಯ ಚಿತ್ರ ಬರೆದಾಗ ಉಪಾಧ್ಯಾಯರೊಬ್ಬರು ಮೆಚ್ಚಿದರು. ತಾನು ಕಲಾವಿದನಾಗುತ್ತೇನೆಂದು ಹುಡುಗನಿಗೆ ಅನಿಸಿದ್ದು ಆಗ. ಮುಂದೆ ಮುಂಬಯಿಯ ಪ್ರಸಿದ್ಧ ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. ಅವರು ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತ, ‘ಕೊರವಂಜಿ’ಗೆ ಚಿತ್ರ ಬರೆಯುತ್ತ ಬೆಳೆದರು. ನೀವು ಊಹಿಸಿರುತ್ತೀರಿ: ಆರ್.ಕೆ. ಲಕ್ಷ್ಮಣ್. ಅವರ ಚೌಕಳಿ ಕೋಟಿನ ‘ಶ್ರೀಸಾಮಾನ್ಯ’ನನ್ನು ದೇಶ ಅರ್ಧ ಶತಮಾನ ನೋಡಿತು. ಆದರೆ ಆ ಮೈಸೂರಿನ ಮನೆಯ ಬಾಗಿಲ ಮೇಲಿನ ಗೀಚು ಇಂದು ನಮಗೆ ನೋಡಸಿಗುವುದಿಲ್ಲ.

ಕೊಚ್ಚಿಯ ಒಂದು ಮನೆಯಲ್ಲಿ ಹಾಗಾಗಲಿಲ್ಲ. 1976ರಲ್ಲಿ ಹುಟ್ಟಿದ ಎಡ್ಮಂಡ್ ಥಾಮಸ್ ಕ್ಲಿಂಟ್ ಎಂಬ ಬಾಲಕ ಮೂತ್ರಪಿಂಡದ ಕಾಯಿಲೆಯಿಂದ 1983ರ ಏಪ್ರಿಲಿನಲ್ಲಿ, ಏಳು ವರ್ಷ ತುಂಬಲು ತಿಂಗಳಿರುವಾಗ ತೀರಿಕೊಂಡ. ಅಷ್ಟರಲ್ಲಿ ಅವನು ಬರೆದ ಚಿತ್ರಗಳು 25,000ಕ್ಕೂ ಹೆಚ್ಚೆಂದು ಲೆಕ್ಕ. ತಾಯಿತಂದೆ ಕಾಗದವನ್ನೂ ಬಣ್ಣವನ್ನೂ ಒದಗಿಸಿದರು, ಉತ್ಸವ ಮೆರವಣಿಗೆಗಳಿಗೆ ಕರೆದೊಯ್ದರು, ಬರೆದದ್ದನ್ನು ಎತ್ತಿಟ್ಟರು. ಮಗು ಹೋದ ಮೇಲೆ ಅವರ ಬಳಿ ಉಳಿದದ್ದು ಆ ಕಾಗದಗಳು. ಆ ಸಂಗ್ರಹದಿಂದಲೇ ಅವನು ಕೇರಳದವರಿಗೆಲ್ಲ ಪರಿಚಿತನಾದ.

ನಮ್ಮ ಪಶ್ಚಿಮ ಬೆಂಗಳೂರಿಗೆ ಬರೋಣ. ರಾಜಾಜಿನಗರ, ಬಸವೇಶ್ವರನಗರದ ಯಾವುದೇ ಒಂದನೆಯ ತರಗತಿಗೆ ಹೋಗಿ ‘ಸೀನರಿ ಬರೀರಿ’ ಎಂದು ಹೇಳಿ ನೋಡಿ. ಎರಡು ಬೆಟ್ಟ, ನಡುವೆ ಸೂರ್ಯ, ಹರಿದು ಬರುವ ಹೊಳೆ, ತೆಂಗಿನ ಮರ, ಇಳಿಜಾರು ಹೆಂಚಿನ ಮನೆ. ಬರೆದ ಮಗುವಿನ ಮನೆ ತಾರಸಿಯದು, ಮೇಲೆ ಸಿಂಟೆಕ್ಸ್ ಟ್ಯಾಂಕು, ಎದುರಿಗೆ ವರ್ಕ್‌ಶಾಪು. ಅದಾವುದೂ ಚಿತ್ರದಲ್ಲಿಲ್ಲ. ಈ ಮೊದಲು ಬ್ಯಾಗಿನೊಳಗಿನ ಡಬ್ಬಿಯನ್ನೂ ಕಂಡಿದ್ದ ಕಣ್ಣು ಈಗ ಬೀದಿಯನ್ನೇ ಕಾಣುತ್ತಿಲ್ಲವಲ್ಲ! ಮಕ್ಕಳು ಒಬ್ಬರಿಂದೊಬ್ಬರು ನಕಲು ಮಾಡಿ ಕಲಿಯುವುದು ಸಹಜ. ಅದನ್ನು ನಾನು ದೂರುವುದಿಲ್ಲ. ಬಾಗಿಲ ಮುಂದೆ ರಂಗೋಲಿ ಹಾಕುವಾಗ ತಾಯಿ ಒಂದು ಚಿಟಿಕೆ ಪುಡಿಯನ್ನು ಮಗಳ ಕೈಗೆ ಕೊಟ್ಟು ಮೂಲೆಯಲ್ಲಿ ಜಾಗ ಬಿಡುತ್ತಾಳೆ. ಚುಕ್ಕಿ ಲೆಕ್ಕ ತಪ್ಪಿದರೂ ಅಳಿಸುವುದಿಲ್ಲ. ಅದು ನಕಲೂ ಹೌದು, ಸ್ವಾತಂತ್ರ್ಯವೂ ಹೌದು. ಸುಮಾರು ಹತ್ತು ಲಕ್ಷ ಮಕ್ಕಳ ಚಿತ್ರ ಕೂಡಿಹಾಕಿದ ಅಮೆರಿಕದ ಶಿಶುವಿಹಾರದ ಶಿಕ್ಷಕಿ ರೋಡಾ ಕೆಲಾಗ್, ವೃತ್ತದೊಳಗೆ ಅಡ್ಡಗೆರೆ ಉದ್ದಗೆರೆ ಹಾಕುವ ಮಂಡಲಾಕೃತಿ ಗೀಚಾಟದ ನಂತರ ತಾನಾಗಿ ಬರುತ್ತದೆಂದು ಗಮನಿಸಿದ್ದರು. ನಮ್ಮ ಹೊಸಿಲಲ್ಲಿ ಅದು ದಿನವೂ ಕಾಣುವ ಆಕೃತಿ.

ನನಗೆ ಕಳವಳ ತರುವುದು ಬೇರೆ. ಅಚ್ಚು ಹಾಕಿದ ಆನೆಗೆ ಗೆರೆ ದಾಟದೆ ಬಣ್ಣ ತುಂಬಿದರೆ ನಕ್ಷತ್ರ, ಆನೆಗೆ ಐದನೆಯ ಕಾಲು ಬರೆದರೆ ಕೆಂಪು ಅಡ್ಡಗೀಟು. ಆ ಐದನೆಯದು ಸೊಂಡಿಲೋ ಬಾಲವೋ ಎಂದು ಕೇಳಿದವರಿಲ್ಲ. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಕಣ್ಣಿಗೆ ಕಂಡಂತೆಯೇ ಬರೆಯಬೇಕೆಂಬ ಆಸೆ ತಾನಾಗಿ ಹುಟ್ಟುತ್ತದೆ, ಕೈ ಅಷ್ಟು ಪಳಗಿರುವುದಿಲ್ಲ. ಬಹಳ ಮಕ್ಕಳು ಅಲ್ಲಿಗೇ ನಿಲ್ಲಿಸುತ್ತಾರೆ. ಈ ಪುಟ ಓದುತ್ತಿರುವ ನಿಮ್ಮಲ್ಲಿ ‘ನನಗೆ ಡ್ರಾಯಿಂಗ್ ಬರೋಲ್ಲ’ ಎನ್ನುವವರು ಎಷ್ಟು ಜನ? ಆ ಮಾತನ್ನು ಮೂರು ವರ್ಷದ ಮಗುವಿನ ಬಾಯಲ್ಲಿ ನಾನು ಈವರೆಗೆ ಕೇಳಿಲ್ಲ.

ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇದ್ದರೆ ಈ ಚರಿತ್ರೆಯ ಕೆಲಸವನ್ನು ನೀವು ಮಾಡಬಹುದು. ಖರ್ಚೇನೂ ಇಲ್ಲ. ಒಂದು ಬದಿ ಅಚ್ಚಾದ ಹಳೆಯ ಹಾಳೆ, ದಪ್ಪ ಕ್ರೇಯಾನ್ ಸಾಕು. ಚೂಪು ಪೆನ್ಸಿಲು ಪುಟ್ಟ ಕೈಗೆ ಒಳ್ಳೆಯದಲ್ಲ. ‘ಇದೇನು?’ ಎಂದು ಅವಸರಿಸಬೇಡಿ. ಪಕ್ಕದಲ್ಲಿ ಕುಳಿತರೆ ಮಗು ತಾನೇ ಹೇಳುತ್ತದೆ. ಹಾಳೆಯ ಹಿಂದೆ ಸೀಸದ ಕಡ್ಡಿಯಿಂದ ದಿನಾಂಕ, ಮಗುವಿನ ವಯಸ್ಸು ವರ್ಷ ತಿಂಗಳುಗಳಲ್ಲಿ, ಮತ್ತು ಅದು ಆಡಿದ ಮಾತನ್ನು ಅದರ ಭಾಷೆಯಲ್ಲೇ ಬರೆಯಿರಿ. ಗೋಡೆಯ ಮೇಲಿನದನ್ನು ಅಳತೆಗೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ. ನೆಲದಿಂದ ಎಷ್ಟು ಎತ್ತರವೆಂದೂ ಗುರುತಿಸಿ, ರಿಚ್ಚಿಯವರ ನೆನಪಿಗೆ. ಸುಣ್ಣ ಹೊಡೆಸುವ ಮುನ್ನ ಇದಾಗಬೇಕು. ಕ್ರೇಯಾನ್ ಚಿತ್ರಗಳನ್ನು ಒಂದರ ಮೇಲೊಂದು ಹಾಗೇ ಇಡಬೇಡಿ, ಬೇಸಿಗೆಯಲ್ಲಿ ಮೇಣ ಅಂಟಿಕೊಳ್ಳುತ್ತದೆ. ನಡುವೆ ಒಂದೊಂದು ತೆಳು ಕಾಗದ ಹಾಕಿ.